ಕಪ್ಪು ಕಿಟಕಿಯ ಅಕ್ಷರಗಳು

ನಿಮ್ಮ ಶಾಲೆ ಅಥವಾ ಕಾಲೇಜಿನ ಪ್ರಯೋಗಾಲಯದಲ್ಲಿ ಹಳೆಯ ಕಂಪ್ಯೂಟರೊಂದು ಇನ್ನೂ ಕೆಲಸ ಮಾಡುತ್ತಿದ್ದರೆ, ಅದರಲ್ಲಿ ಆದೇಶಗಳನ್ನು ಟೈಪು ಮಾಡುವ ಕಪ್ಪು ಕಿಟಕಿಯನ್ನು ಒಮ್ಮೆ ತೆರೆದು ನೋಡಿ. ಇದನ್ನು ಟರ್ಮಿನಲ್ ಕಿಟಕಿ ಎನ್ನುತ್ತಾರೆ. ಅದರಲ್ಲಿ ಮೂಡುವ ಅಕ್ಷರಗಳನ್ನು ಗಮನಿಸಿ. ಇಂಗ್ಲಿಷಿನ ಐ ಅಕ್ಷರ ಎಷ್ಟು ಜಾಗ ಹಿಡಿಯುತ್ತದೆಯೋ ಎಂ ಅಕ್ಷರವೂ ಅಷ್ಟೇ ಜಾಗ ಹಿಡಿಯುತ್ತದೆ. ಅಕ್ಷರಗಳು ಬಹಳ ಸಣ್ಣವು. ಹಿಂದಿನ ಬೆಂಚಿನ ವಿದ್ಯಾರ್ಥಿಗಂತೂ ಕಾಣುವುದೇ ಇಲ್ಲ. ಕನ್ನಡದಲ್ಲಿ ಹೆಸರಿಟ್ಟ ಕಡತ ಒಂದಿದ್ದರೆ ಅದರ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ ಖಾಲಿ ಚೌಕಗಳೋ ಸಾಲಾಗಿ ನಿಂತಿರಬಹುದು. ಅಕ್ಷರ ಬದಲಾಯಿಸುವುದು ಇಷ್ಟೇಕೆ ಕಷ್ಟ? ಪದಸಂಸ್ಕಾರಕದಲ್ಲಿ ಕ್ಷಣಮಾತ್ರದಲ್ಲಿ ಆಗುವ ಕೆಲಸ ಇಲ್ಲಿ ಏಕೆ ಆಗುವುದಿಲ್ಲ? ಉತ್ತರಕ್ಕಾಗಿ ಅರುವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಟರ್ಮಿನಲ್ ಎಂದರೆ ಕಿಟಕಿಯಲ್ಲ, ತೆರೆಯೂ ಅಲ್ಲ, ಅದೊಂದು ದೂರಮುದ್ರಕ. ಅಮೆರಿಕದಲ್ಲಿ 1963ರಲ್ಲಿ ಬಂದ ಟೆಲಿಟೈಪ್ ಮಾದರಿ 33 ಎಂಬ ಯಂತ್ರ ಸೆಕೆಂಡಿಗೆ 10 ಅಕ್ಷರಗಳನ್ನು ಕಾಗದದ ಮೇಲೆ ಬಡಿದು ಮುದ್ರಿಸುತ್ತಿತ್ತು. ಅಕ್ಷರಗಳೆಲ್ಲ ಒಂದು ಉರುಳೆಯ ಮೇಲೆ ಉಬ್ಬಾಗಿ ಕೊರೆದಿದ್ದವು. ಉರುಳೆ ತಿರುಗಿ, ಮೇಲೆ ಕೆಳಗೆ ಸರಿದು, ಬೇಕಾದ ಅಕ್ಷರ ಕಾಗದದ ಎದುರಿಗೆ ಬಂದಾಗ ಸುತ್ತಿಗೆ ಬೀಳುತ್ತಿತ್ತು. ಅದರಲ್ಲಿದ್ದುದು ದೊಡ್ಡಕ್ಷರಗಳು ಮಾತ್ರ. ಫಾಂಟ್ ಬದಲಾಯಿಸಬೇಕಾದರೆ ತಂತ್ರಜ್ಞನನ್ನು ಕರೆಸಿ ಉರುಳೆಯನ್ನೇ ಬದಲಾಯಿಸಬೇಕಿತ್ತು.

ಇದಕ್ಕೆ ಒಂದು ಸೊಗಸಾದ ಅಪವಾದವಿತ್ತು. ಐ.ಬಿ.ಎಂ. ಸಂಸ್ಥೆ 1961ರಲ್ಲಿ ತಂದ ಸೆಲೆಕ್ಟ್ರಿಕ್ ಬೆರಳಚ್ಚು ಯಂತ್ರದಲ್ಲಿ ಅಕ್ಷರಗಳು ಒಂದು ಸಣ್ಣ ಚೆಂಡಿನ ಮೇಲಿದ್ದವು. ಚೆಂಡನ್ನು ಕೈಯಿಂದ ತೆಗೆದು ಬೇರೊಂದನ್ನು ಸಿಕ್ಕಿಸಿದರೆ ಅಕ್ಷರರೂಪವೇ ಬೇರೆ. ಇದೇ ಯಂತ್ರವನ್ನು ಒಳಗೊಂಡ 2741 ಎಂಬ ಟರ್ಮಿನಲ್ 1965ರಲ್ಲಿ ಬಂತು. ಗಣಿತಜ್ಞ ಕೆನೆತ್ ಐವರ್ಸನ್ ರೂಪಿಸಿದ ಎ.ಪಿ.ಎಲ್. ಭಾಷೆಯಲ್ಲಿ ಕೀಲಿಮಣೆಯಲ್ಲೆಲ್ಲೂ ಇಲ್ಲದ ವಿಚಿತ್ರ ಚಿಹ್ನೆಗಳು ಬೇಕಿದ್ದವು. ಅದಕ್ಕೆಂದೇ ಪ್ರತ್ಯೇಕ ಚೆಂಡನ್ನು ಮಾಡಿದರು. ಒಂದು ಕ್ರಮವಿಧಿ ಭಾಷೆ ಬಳಕೆಗೆ ಬರಲು ಫಾಂಟಿನ ಬದಲಾವಣೆಯೇ ದಾರಿ ಮಾಡಿಕೊಟ್ಟ ಪ್ರಸಂಗ ಇದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕನ್ನಡದ ವಿಷಯ ಬಂದಾಗ ಬೇಕಾಗುತ್ತದೆ.

ಇಂಥ ಯಂತ್ರಗಳಲ್ಲಿ ಪ್ರತಿ ಅಕ್ಷರಕ್ಕೂ ಮುದ್ರಣಶಿರ ಒಂದೇ ಅಳತೆಯ ಹೆಜ್ಜೆ ಇಡುತ್ತಿತ್ತು. ಅಕ್ಷರಗಳಿಗೆಲ್ಲ ಸಮಾನ ಅಗಲ ಬಂದದ್ದು ಹೀಗೆ, ಹಲ್ಲುಗಾಲಿಗಳ ಅನುಕೂಲಕ್ಕಾಗಿ. ಸಾಲಿಗೆ 80 ಅಕ್ಷರ ಎಂಬ ಲೆಕ್ಕ ಇನ್ನೂ ಹಳೆಯದು, 1928ರ ಐ.ಬಿ.ಎಂ. ರಂಧ್ರಪತ್ರಗಳಲ್ಲಿ 80 ಕಂಬಗಳಿದ್ದವು. ಫೋರ್ಟ್ರಾನ್ ಕಲಿತ ಹಿರಿಯ ಅಧ್ಯಾಪಕರಿಗೆ ಇದು ಚೆನ್ನಾಗಿ ಗೊತ್ತು: ಆದೇಶ 7ನೆಯ ಕಂಬದಿಂದ 72ನೆಯ ಕಂಬದವರೆಗಿನ ಜಾಗದೊಳಗೇ ಇರಬೇಕು. ಕಂಬಗಳನ್ನು ಎಣಿಸಲು ಅಕ್ಷರಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲಬೇಕು. ಪ್ರಯೋಗದ ಅಂಕಿಅಂಶಗಳ ಪಟ್ಟಿಯನ್ನು ಸಮಾನ ಅಗಲದ ಅಕ್ಷರಗಳಲ್ಲಿ ನೋಡಿದವರಿಗೆ ತಪ್ಪು ದಶಮಾಂಶ ಬಿಂದು ಕೂಡಲೇ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಈ ಪದ್ಧತಿಯನ್ನು ಕೇವಲ ಹಳೆಯ ಕಾಲದ ಪಳೆಯುಳಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಕಾಗದದ ಜಾಗಕ್ಕೆ ಗಾಜಿನ ತೆರೆ ಬಂದಾಗ ಸಮಸ್ಯೆ ಬೇರೆಯಾಯಿತು. ಕ್ಯಾಥೋಡ್ ಕಿರಣ ನಳಿಗೆಯಲ್ಲಿ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಸಾಗುತ್ತದೆ. ಕಿರಣವನ್ನು ಎಲ್ಲಿ ಹೊತ್ತಿಸಬೇಕು, ಎಲ್ಲಿ ಆರಿಸಬೇಕು ಎಂದು ಪ್ರತಿ ಚುಕ್ಕಿಗೂ ಯಾರೋ ಹೇಳಬೇಕು. ತೆರೆಯ ಎಲ್ಲ ಚುಕ್ಕಿಗಳನ್ನೂ ಸ್ಮೃತಿಯಲ್ಲಿ ಇಡುವುದು ಆ ಕಾಲಕ್ಕೆ ದುಬಾರಿಯ ಮಾತು. ಆದ್ದರಿಂದ ಸ್ಮೃತಿಯಲ್ಲಿ ಅಕ್ಷರಗಳ ಸಂಕೇತಗಳನ್ನು ಮಾತ್ರ ಇಟ್ಟು, ಅವುಗಳ ಆಕಾರಗಳನ್ನು ಪ್ರತ್ಯೇಕವಾದ, ಅಳಿಸಲಾಗದ ಒಂದು ಚಿಪ್ಪಿನಲ್ಲಿ ಇಟ್ಟರು. ಇದಕ್ಕೆ ಅಕ್ಷರಜನಕ ಎಂದು ಹೆಸರು. ಅದಕ್ಕೆ ಎರಡು ಪ್ರಶ್ನೆ ಕೇಳಿದರೆ ಸಾಕು: ಯಾವ ಅಕ್ಷರ, ಅದರ ಎಷ್ಟನೆಯ ಅಡ್ಡಸಾಲು? ಆ ಸಾಲಿನ ಚುಕ್ಕಿಗಳನ್ನು ಅದು ಹೊರಕ್ಕೆ ಕೊಡುತ್ತದೆ.

ಸಿಗ್ನೆಟಿಕ್ಸ್ ಸಂಸ್ಥೆಯ 2513 ಇಂಥ ಚಿಪ್ಪುಗಳಲ್ಲಿ ಪ್ರಸಿದ್ಧವಾದದ್ದು. 1976ರ ಮೊದಲ ಆಪಲ್ ಗಣಕದಲ್ಲಿ ಇದ್ದದ್ದು ಇದೇ. ಅದರಲ್ಲಿ 64 ಅಕ್ಷರಗಳು. ಪ್ರತಿಯೊಂದಕ್ಕೂ 8 ಸಾಲು, ಸಾಲಿಗೆ 5 ಚುಕ್ಕಿ. ಗುಣಿಸಿದರೆ 2560 ಬಿಟ್. ಇಂಗ್ಲಿಷಿನ ಎಲ್ ಅಕ್ಷರವನ್ನು 5 ಕಂಬ, 7 ಸಾಲಿನ ಚೌಕಳಿಯಲ್ಲಿ ಬರೆದು ನೋಡಿ. ಮೊದಲ ಆರು ಸಾಲುಗಳಲ್ಲಿ 10000, ಏಳನೆಯ ಸಾಲಿನಲ್ಲಿ 11111. ಅಷ್ಟೇ ಫಾಂಟ್! ಗ್ರಾಫ್ ಹಾಳೆಯ ಮೇಲೆ ಮಕ್ಕಳಿಂದ ಇದನ್ನು ಮಾಡಿಸಿದರೆ ದ್ವಿಮಾನ ಪದ್ಧತಿಯ ಪಾಠ ಬೇರೆ ಹೇಳಬೇಕಾಗಿಲ್ಲ. 64 ಸ್ಥಾನಗಳಲ್ಲಿ ಸಣ್ಣಕ್ಷರಗಳಿಗೆ ಜಾಗವಿರಲಿಲ್ಲ. ಸಣ್ಣಕ್ಷರ ಬೇಕೆಂದವರು ಚಿಪ್ಪನ್ನು ಕಿತ್ತು ಬೇರೆ ಚಿಪ್ಪು ಕೂರಿಸುತ್ತಿದ್ದರು.

ಇಲ್ಲಿ ವಿಟಿ100 ಟರ್ಮಿನಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಇದನ್ನು ಹೊರತಂದಿತು. ಇಂದಿಗೂ ನಿಮ್ಮ ಟರ್ಮಿನಲ್ ಕಿಟಕಿ ಇದರ ಆದೇಶಗಳನ್ನೇ ಪಾಲಿಸುತ್ತದೆ. ತೆರೆಯ ಮೇಲೆ 24 ಸಾಲು, ಸಾಲಿಗೆ 80 ಅಕ್ಷರ. ಪ್ರತಿ ಅಕ್ಷರಕ್ಕೆ 10 ಚುಕ್ಕಿ ಅಗಲ, 10 ಗೆರೆ ಎತ್ತರದ ಮನೆ. ಅಂದರೆ ತೆರೆಯಲ್ಲಿ 800 ಅಡ್ಡ ಚುಕ್ಕಿ, 240 ಗೆರೆ. ಒಟ್ಟು 1,92,000 ಚುಕ್ಕಿ. ಎಲ್ಲವನ್ನೂ ನೆನಪಿಡಬೇಕಾದರೆ 24,000 ಬೈಟ್ ಬೇಕು. ಸಂಕೇತಗಳಿಗಾದರೆ 1920 ಬೈಟ್ ಸಾಕು. ಹನ್ನೆರಡೂವರೆ ಪಟ್ಟು ಉಳಿತಾಯ! ಸ್ಮೃತಿಗೆ ಚಿನ್ನದ ಬೆಲೆ ಇದ್ದ ಕಾಲದಲ್ಲಿ ಯಾವ ವಿನ್ಯಾಸಕಾರನೂ ಇದನ್ನು ಬಿಡುತ್ತಿರಲಿಲ್ಲ.

ಆದರೆ ಈ ಟರ್ಮಿನಲಿನ ಫಾಂಟಿನಲ್ಲಿ ಭೌತಶಾಸ್ತ್ರವೂ ಅಡಗಿದೆ. ಕಿರಣ ಒಂದು ಚುಕ್ಕಿಯನ್ನು ದಾಟಲು ತೆಗೆದುಕೊಳ್ಳುವ ಕಾಲ ಸುಮಾರು 62 ನ್ಯಾನೊಸೆಕೆಂಡ್. ಅಡ್ಡಗೆರೆ ಎಳೆಯುವಾಗ ಕಿರಣ ಹಲವು ಚುಕ್ಕಿಗಳ ಕಾಲ ಹೊತ್ತಿಕೊಂಡೇ ಇರುತ್ತದೆ. ಗೆರೆ ಪೂರ್ಣ ಪ್ರಕಾಶದಿಂದ ಕಾಣುತ್ತದೆ. ಲಂಬಗೆರೆಯಲ್ಲಾದರೆ ಪ್ರತಿ ಸಾಲಿನಲ್ಲೂ ಕಿರಣ ಒಂದೇ ಚುಕ್ಕಿಯ ಕಾಲದೊಳಗೆ ಹೊತ್ತಿ ಆರಬೇಕು. ಪ್ರವರ್ಧಕದ ವೋಲ್ಟೇಜು ಏರಲು ಒಂದಿಷ್ಟು ಕಾಲ ಬೇಕಷ್ಟೆ? ಅದು ತುದಿ ಮುಟ್ಟುವುದರೊಳಗೆ ಇಳಿಯುವ ಹೊತ್ತಾಗುತ್ತದೆ. ಹೀಗಾಗಿ ಲಂಬಗೆರೆಗಳು ಮಂಕಾಗುತ್ತವೆ. ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು: ಪ್ರತಿ ಚುಕ್ಕಿಯನ್ನೂ ಬಲಕ್ಕೆ ಇನ್ನೊಂದು ಚುಕ್ಕಿಯಷ್ಟು ಹಿಗ್ಗಿಸುವ ಮಂಡಲವನ್ನು ಸೇರಿಸಿದರು. ಚಿಪ್ಪಿನಲ್ಲಿರುವ ಅಕ್ಷರ ಒಂದು, ತೆರೆಯ ಮೇಲೆ ಕಾಣುವ ಅಕ್ಷರ ಇನ್ನೊಂದು. ಆ ಚಿಪ್ಪಿನ ಬಿಟ್‌ಗಳನ್ನು ಇದ್ದಂತೆಯೇ ನಕಲು ಮಾಡಿ ಇಂದಿನ ತೆರೆಯಲ್ಲಿ ತೋರಿಸಿದರೆ ಅಕ್ಷರಗಳು ಬಡಕಲಾಗಿ ಕಾಣುವುದು ಇದರಿಂದಲೇ.

1983ರಲ್ಲಿ ಬಂದ ವಿಟಿ220ರಲ್ಲಿ ಮೊದಲ ಬಾಗಿಲು ತೆರೆಯಿತು. ದೂರದ ಗಣಕವೇ ಟರ್ಮಿನಲಿಗೆ 94 ಹೊಸ ಅಕ್ಷರಗಳ ಆಕಾರವನ್ನು ತಂತಿಯ ಮೂಲಕ ಕಳುಹಿಸಬಹುದಿತ್ತು. ಕಳುಹಿಸುವ ಬಗೆಯೂ ಜಾಣತನದ್ದು. ಒಂದರ ಕೆಳಗೊಂದು ಇರುವ ಆರು ಚುಕ್ಕಿಗಳನ್ನು ಒಂದು ಸಂಖ್ಯೆ ಎಂದು ಎಣಿಸಿ, ಅದಕ್ಕೆ 63 ಕೂಡಿಸಿದರೆ ಮುದ್ರಿಸಬಹುದಾದ ಒಂದು ಸಾಮಾನ್ಯ ಅಕ್ಷರದ ಸಂಕೇತ ಸಿಗುತ್ತದೆ. ಅಕ್ಷರದ ಚಿತ್ರವೇ ಅಕ್ಷರಗಳ ಸಾಲಾಗಿ ಹರಿದು ಬರುತ್ತಿತ್ತು.

ನಮ್ಮ ಶಾಲೆ ಕಾಲೇಜುಗಳಿಗೆ ಬಂದದ್ದು ಐ.ಬಿ.ಎಂ. ಪಿ.ಸಿ. ಕುಟುಂಬದ ಯಂತ್ರಗಳು. 1981ರ ಮೊದಲ ಪಿ.ಸಿ.ಯಲ್ಲಿ ಅಕ್ಷರಗಳು ಚಿಪ್ಪಿನಲ್ಲೇ ಭದ್ರವಾಗಿದ್ದವು. 1984ರ ಇ.ಜಿ.ಎ. ಮತ್ತು 1987ರ ವಿ.ಜಿ.ಎ. ಕಾರ್ಡುಗಳಲ್ಲಿ ಅಕ್ಷರರೂಪಗಳನ್ನು ಬದಲಾಯಿಸಬಲ್ಲ ಸ್ಮೃತಿಗೆ ತಂದರು. ವಿ.ಜಿ.ಎ. ಕಾರ್ಡಿನ ಸ್ಮೃತಿಯಲ್ಲಿ ತಲಾ 64 ಕಿಲೋಬೈಟಿನ ನಾಲ್ಕು ಪದರಗಳು. ಒಂದು ಪದರದಲ್ಲಿ ಅಕ್ಷರಸಂಕೇತ, ಮುಂದಿನದರಲ್ಲಿ ಅದರ ಬಣ್ಣ, ಮೂರನೆಯದರಲ್ಲಿ ಆಕಾರ. ಒಂದು ಆಕಾರಕ್ಕೆ 32 ಬೈಟ್ ಮೀಸಲು. 256 ಆಕಾರಗಳ ಒಂದು ಪಟ್ಟಿಗೆ 8 ಕಿಲೋಬೈಟ್. ಮೂರನೆಯ ಪದರದಲ್ಲಿ ಇಂಥ ಎಂಟು ಪಟ್ಟಿಗಳನ್ನು ಇಡಬಹುದು. ಪಟ್ಟಿ ಬದಲಾಯಿಸಿದ ಕ್ಷಣದಲ್ಲೇ ಇಡೀ ತೆರೆಯ ಅಕ್ಷರಗಳು ಬದಲಾಗುತ್ತವೆ, ಸಂಕೇತಗಳು ಇದ್ದಲ್ಲೇ ಇರುತ್ತವೆ.

ಅಡ್ಡ 720, ಲಂಬ 400 ಚುಕ್ಕಿಗಳ ಈ ತೆರೆಯಲ್ಲಿ 16 ಗೆರೆ ಎತ್ತರದ ಅಕ್ಷರವಾದರೆ 25 ಸಾಲು, 8 ಗೆರೆಯದಾದರೆ 50 ಸಾಲು. ಅಕ್ಷರದ ಚಿತ್ರದ ಅಗಲ 8 ಚುಕ್ಕಿ. ಮನೆಯ ಅಗಲ ಮಾತ್ರ 9. ಒಂಬತ್ತನೆಯದು ಅಕ್ಷರಗಳ ನಡುವಣ ಸಂದು, ಅದು ಖಾಲಿ. ಹಾಗಾದರೆ ಕೋಷ್ಟಕಗಳನ್ನು ಎಳೆಯಲು ಬಳಸುವ ಗೆರೆಗಳ ನಡುವೆ ಬಿರುಕು ಕಾಣಬೇಕಲ್ಲ? ಅದಕ್ಕಾಗಿ 192ರಿಂದ 223ರವರೆಗಿನ ಸಂಕೇತಗಳಿಗೆ ಮಾತ್ರ ಎಂಟನೆಯ ಚುಕ್ಕಿಯನ್ನೇ ಒಂಬತ್ತನೆಯದಕ್ಕೂ ನಕಲು ಮಾಡುವ ವ್ಯವಸ್ಥೆ ಮಾಡಿದರು. ಬೇರೆ ಭಾಷೆಯ ಫಾಂಟ್ ತಯಾರಿಸುವವರು ಈ 32 ಮನೆಗಳಲ್ಲಿ ಎಚ್ಚರದಿಂದ ಇರಬೇಕಿತ್ತು. ಇಲ್ಲವಾದರೆ ಅಕ್ಷರದ ಬಲಬದಿಯ ಗೆರೆ ದಪ್ಪವಾಗಿಬಿಡುತ್ತಿತ್ತು.

256 ಸಾಲದೆ ಹೋದರೆ? ಎರಡು ಪಟ್ಟಿಗಳನ್ನು ಒಟ್ಟಿಗೆ ಬಳಸಿ 512 ಆಕಾರಗಳನ್ನು ತೋರಿಸಬಹುದು. ಆದರೆ ಯಾವ ಪಟ್ಟಿ ಎಂದು ಹೇಳಲು ಒಂದು ಬಿಟ್ ಬೇಕು. ಅದನ್ನು ಬಣ್ಣದ ಬೈಟಿನಿಂದ ಕಸಿದುಕೊಳ್ಳಬೇಕು. ಹಾಗಾಗಿ ಅಕ್ಷರಗಳ 16 ಬಣ್ಣಗಳು 8ಕ್ಕೆ ಇಳಿಯುತ್ತವೆ. ಲಿನಕ್ಸ್ ಯಂತ್ರದ ಚಿತ್ರರಹಿತ ತೆರೆಯಲ್ಲಿ ಸೆಟ್‌ಫಾಂಟ್ ಎಂಬ ಆದೇಶದಿಂದ ಅಕ್ಷರ ಬದಲಾಯಿಸುವಾಗ ಇಂದಿಗೂ ಎದುರಾಗುವ 512ರ ಮಿತಿಯ ಮೂಲ ಇಲ್ಲಿದೆ. ಕಾರ್ಡು ಹೋಯಿತು, ಅದರ ಲೆಕ್ಕ ಉಳಿಯಿತು.

ಭಾರತದಲ್ಲಿ ಇದೇ ಸಮಸ್ಯೆಯನ್ನು ಇನ್ನೊಂದು ಬದಿಯಿಂದ ಬಿಡಿಸಿದರು. ಕಾನ್ಪುರದ ಐ.ಐ.ಟಿ.ಯಲ್ಲಿ 1980ರ ದಶಕದಲ್ಲಿ ನಡೆದ ಸಂಶೋಧನೆ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಜಿಸ್ಟ್ ಕಾರ್ಡ್ ಆಗಿ ಬೆಳೆಯಿತು. ಪಿ.ಸಿ.ಯೊಳಗೆ ಈ ಕಾರ್ಡನ್ನು ಸಿಕ್ಕಿಸಿದರೆ ಡಿಬೇಸ್, ವರ್ಡ್‌ಸ್ಟಾರ್‌ನಂಥ ಇಂಗ್ಲಿಷ್ ತಂತ್ರಾಂಶಗಳ ತೆರೆಯಲ್ಲೇ ಕನ್ನಡ ಮೂಡುತ್ತಿತ್ತು. ತಂತ್ರಾಂಶಕ್ಕೆ ಇದರ ಸುಳಿವೇ ಇಲ್ಲ! ಅದು ಸಂಕೇತಗಳನ್ನು ಬರೆಯುತ್ತಿತ್ತು, ಅವನ್ನು ಕೂಡಿಸಿ ಒತ್ತಕ್ಷರ ಮಾಡಿ ತೋರಿಸುವ ಹೊಣೆ ಕಾರ್ಡಿನದು. ಬಳಸಿದ ಸಂಕೇತಪದ್ಧತಿಯ ಹೆಸರು ಇಸ್ಕಿ. 1991ರಲ್ಲಿ ಅದು ಐ.ಎಸ್. 13194 ಎಂಬ ಭಾರತೀಯ ಮಾನಕವಾಯಿತು. ಅದರಲ್ಲಿ ಕನ್ನಡದ ಕ, ದೇವನಾಗರಿಯ ಕ, ತೆಲುಗಿನ ಕ ಎಲ್ಲಕ್ಕೂ ಸಂಕೇತ ಒಂದೇ, 179. ಹೀಗಾಗಿ ಒಂದೇ ಮಾಹಿತಿಯನ್ನು ಕನ್ನಡದಲ್ಲೂ ದೇವನಾಗರಿಯಲ್ಲೂ ನೋಡಬಹುದಿತ್ತು. ಲಿಪಿಯ ಬದಲಾವಣೆಯೇ ಫಾಂಟಿನ ಬದಲಾವಣೆ. ನಮ್ಮ ಲಿಪಿಗಳ ಒಳಗಿನ ಏಕತೆಯನ್ನು ಯಂತ್ರಾಂಶದಲ್ಲೇ ಬಳಸಿಕೊಂಡ ಈ ಕೆಲಸಕ್ಕೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ ಎಂದೇ ನನ್ನ ಅಭಿಪ್ರಾಯ. 1991ರ ಯೂನಿಕೋಡ್ ಈ ವಿನ್ಯಾಸವನ್ನು ಹೆಚ್ಚುಕಡಿಮೆ ಹಾಗೆಯೇ ತೆಗೆದುಕೊಂಡಿತು. ಪ್ರತಿ ಲಿಪಿಗೂ 128 ಮನೆಗಳ ಬೇರೆ ಬೇರೆ ಕೋಷ್ಟಕ ಕೊಟ್ಟರೂ, ಸೊನ್ನೆಯಿಂದ ಎಣಿಸಿದರೆ ಕ ಎಲ್ಲದರಲ್ಲೂ 21ನೆಯ ಮನೆಯಲ್ಲೇ ಇದೆ.

ಇಷ್ಟರಲ್ಲಿ ಟರ್ಮಿನಲ್ ತನ್ನ ಪೆಟ್ಟಿಗೆ ಬಿಟ್ಟು ಕಿಟಕಿಯಾಗಿತ್ತು. ಅಮೆರಿಕದ ಎಂ.ಐ.ಟಿ.ಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯ ಎಕ್ಸ್‌ಟರ್ಮ್ ಇಂಥ ಕಿಟಕಿಗಳಲ್ಲಿ ಬಹುಕಾಲ ಬಾಳಿದ್ದು. ಅದರ ವಾಡಿಕೆಯ ಫಾಂಟಿನ ಮನೆ 6 ಚುಕ್ಕಿ ಅಗಲ, 13 ಚುಕ್ಕಿ ಎತ್ತರ. ಕಂಟ್ರೋಲ್ ಕೀಲಿ ಒತ್ತಿಕೊಂಡು ಇಲಿಯ ಬಲಗುಂಡಿ ಅದುಮಿದರೆ ಫಾಂಟುಗಳ ಪಟ್ಟಿ ಬರುತ್ತದೆ. ಅದರಲ್ಲಿ 'ಓದಲಾಗದ್ದು' ಎಂಬ ಅರ್ಥದ ಅನ್‌ರೀಡಬಲ್ ಎಂಬ ಆಯ್ಕೆಯೂ ಇದೆ! ಇದು ತಮಾಷೆಯಲ್ಲ, ದೀರ್ಘಕಾಲ ನಡೆಯುವ ಕೆಲಸದ ಕಿಟಕಿಯನ್ನು ಕುಗ್ಗಿಸಿಟ್ಟು, ಏನೋ ಚಲಿಸುತ್ತಿದೆ ಎಂಬುದನ್ನಷ್ಟೇ ನೋಡಲು ಅದು ಉಪಯುಕ್ತ. ಹಳೆಯ ಪದ್ಧತಿಯಲ್ಲಿ ಫಾಂಟಿನ ಪೂರ್ಣ ಹೆಸರಿನಲ್ಲಿ 14 ಭಾಗಗಳು: ತಯಾರಕ, ಕುಟುಂಬ, ದಪ್ಪ, ಓರೆ, ಅಳತೆ ಇತ್ಯಾದಿ. ಒಂದು ಅಡ್ಡಗೆರೆ ತಪ್ಪಿದರೂ ಫಾಂಟ್ ಸಿಗುತ್ತಿರಲಿಲ್ಲ.

ವಿಂಡೋಸ್‌ನ ಆದೇಶ ಕಿಟಕಿಯಲ್ಲಾದರೆ ಶೀರ್ಷಿಕೆ ಪಟ್ಟಿಯ ಮೇಲೆ ಇಲಿಯ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಆಯ್ಕೆ ಮಾಡಬೇಕು. ಎಕ್ಸ್‌ಪಿ ಕಾಲದ ಯಂತ್ರಗಳಲ್ಲಿ ಅಲ್ಲಿ ಕಾಣುತ್ತಿದ್ದುದು ಚುಕ್ಕಿಗಳ ಫಾಂಟ್ ಮತ್ತು ಲುಸಿಡಾ ಕನ್ಸೋಲ್, ಎರಡೇ. ಮೂರನೆಯದನ್ನು ಸೇರಿಸಬೇಕಾದರೆ ರಿಜಿಸ್ಟ್ರಿಯಲ್ಲಿ ಅದರ ಹೆಸರು ಬರೆಯಬೇಕಿತ್ತು. ಅದಕ್ಕೆ ಕೊಡಬೇಕಾದ ಕ್ರಮಸಂಖ್ಯೆ ಮಾತ್ರ ವಿಚಿತ್ರ: ಮೊದಲನೆಯದಕ್ಕೆ 0, ಮುಂದಿನದಕ್ಕೆ 00, ಆಮೇಲೆ 000. ಆ ಫಾಂಟಿನ ಎಲ್ಲ ಅಕ್ಷರಗಳ ಅಗಲವೂ ಸಮಾನವಾಗಿರಬೇಕೆಂಬ ಷರತ್ತು ಬೇರೆ.

ಅಕ್ಷರದ ಅಳತೆಯ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. 1024ಕ್ಕೆ 768 ಚುಕ್ಕಿಗಳ ಹಳೆಯ 15 ಅಂಗುಲದ ಗಾಜಿನ ಮಾನಿಟರಿನಲ್ಲಿ ನೋಡಲು ಸಿಗುವ ಕರ್ಣ ಸುಮಾರು 13.8 ಅಂಗುಲ, ಅಂಗುಲಕ್ಕೆ ಸುಮಾರು 93 ಚುಕ್ಕಿ. ಅಲ್ಲಿ 13 ಚುಕ್ಕಿಯ ಮನೆಯ ಎತ್ತರ ಮೂರೂವರೆ ಮಿಲಿಮೀಟರ್. 1920ಕ್ಕೆ 1080 ಚುಕ್ಕಿಗಳ 14 ಅಂಗುಲದ ಲ್ಯಾಪ್‌ಟಾಪಿನಲ್ಲಿ ಅದೇ ಮನೆ ಸುಮಾರು 2.1 ಮಿಲಿಮೀಟರಿಗೆ ಕುಗ್ಗುತ್ತದೆ. ಅರ್ಧ ಮೀಟರ್ ದೂರದ ಕಣ್ಣಿಗೆ ಮೊದಲನೆಯದು 24 ಕೋನನಿಮಿಷ, ಎರಡನೆಯದು 14. ಚುಕ್ಕಿಗಳಲ್ಲಿ ಅಳೆದ ಫಾಂಟನ್ನು ಹೊಸ ತೆರೆಗೆ ಒಯ್ದರೆ ಕಣ್ಣು ನೋಯುವುದಕ್ಕೆ ಕಾರಣ ಇದು. ತೆರೆಯ ಸೂಕ್ಷ್ಮತೆ ತಿಳಿದು ಅಕ್ಷರ ಬಿಡಿಸುವ, ವಕ್ರರೇಖೆಗಳ ಸಮೀಕರಣವಾಗಿ ಸಂಗ್ರಹಿಸಿದ ಟ್ರೂಟೈಪ್ ಫಾಂಟುಗಳು 1991ರಲ್ಲೇ ಬಂದಿದ್ದರೂ ಟರ್ಮಿನಲ್ ಕಿಟಕಿಗಳು ಅವಕ್ಕೆ ಒಗ್ಗಿಕೊಂಡದ್ದು ನಿಧಾನವಾಗಿ.

ಸಂಕೇತಗಳ ತೊಡಕನ್ನು ಬಿಡಿಸಿದ್ದು ಯು.ಟಿ.ಎಫ್.-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. 1990ರ ದಶಕದ ಕೊನೆಯಲ್ಲಿ ಮಾರ್ಕಸ್ ಕೂನ್ ಎಕ್ಸ್‌ಟರ್ಮಿನ ಹಳೆಯ ಚುಕ್ಕಿ ಫಾಂಟುಗಳನ್ನು ಯೂನಿಕೋಡಿಗೆ ವಿಸ್ತರಿಸುವ ಕೆಲಸಕ್ಕೆ ಕೈಹಾಕಿದರು. ಗ್ರೀಕ್, ರಷ್ಯನ್ ಸುಲಭವಾಗಿ ಬಂದವು. ಚೀನೀ, ಜಪಾನೀ ಅಕ್ಷರಗಳಿಗೆ ಎರಡು ಮನೆ ಕೊಟ್ಟರೆ ಸರಿಹೋಯಿತು.

ಕನ್ನಡ ಇಲ್ಲಿ ಸಿಕ್ಕಿಕೊಂಡಿತು. 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ತೆಗೆದುಕೊಳ್ಳಿ. ಅದರೊಳಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಎಂಬ ಆರು ಸಂಕೇತಗಳಿವೆ, 18 ಬೈಟ್. ಟರ್ಮಿನಲಿನಲ್ಲಿ ಓಡುವ ತಂತ್ರಾಂಶ ಪ್ರತಿ ಸಂಕೇತಕ್ಕೂ ಎಷ್ಟು ಮನೆ ಎಂದು ಒಂದು ಪಟ್ಟಿಯಿಂದ ತಿಳಿದುಕೊಳ್ಳುತ್ತದೆ. ವಾಡಿಕೆಯ ಪಟ್ಟಿಯಲ್ಲಿ ವ್ಯಂಜನಕ್ಕೆ ಒಂದು ಮನೆ, ವಿರಾಮಕ್ಕೆ ಸೊನ್ನೆ, ಈ ದೀರ್ಘ ಚಿಹ್ನೆಗೆ ಒಂದು. ಒಟ್ಟು ನಾಲ್ಕು. ನಮ್ಮ ಲಿಪಿಯಲ್ಲಾದರೆ ತ ಮತ್ತು ರ ಎರಡೂ ಒತ್ತಾಗಿ ಸಕಾರದ ಕೆಳಗೆ, ಪಕ್ಕಕ್ಕೆ ಸೇರುತ್ತವೆ. ನಾಲ್ಕು ಮನೆ ತುಂಬುವುದಿಲ್ಲ. ಕಿಟಕಿ ಒತ್ತಕ್ಷರವನ್ನು ಸರಿಯಾಗಿ ಜೋಡಿಸಿ ತೋರಿಸಿದರೆ ತಂತ್ರಾಂಶದ ಲೆಕ್ಕ ತಪ್ಪಿ ಕರ್ಸರ್ ಎಲ್ಲೋ ಹೋಗಿ ನಿಲ್ಲುತ್ತದೆ. ಲೆಕ್ಕ ಸರಿಯಿರಬೇಕೆಂದರೆ ಅಕ್ಷರ ಒಡೆದು ಬಿಡಿಬಿಡಿಯಾಗುತ್ತದೆ. ಫಾಂಟ್ ಬದಲಾಯಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕೂರಿಸಿ ಮುದ್ರಣದ ಕೆಲಸ ಸಾಗಿಸಿದ್ದವು. ಆದರೆ ಅವುಗಳ ಅಗಲ ಸಮಾನವಲ್ಲ. ಅಂಥ ಕಡತವನ್ನು ಟರ್ಮಿನಲಿನಲ್ಲಿ ತೆರೆದವರಿಗೆ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು.

ಸಂಕೇತಕ್ಕೊಂದು ಮನೆ ಎನ್ನುವ ಬದಲು ಪೂರ್ಣಾಕ್ಷರಕ್ಕೆ ಇಂತಿಷ್ಟು ಮನೆ ಎಂದು ಕಿಟಕಿ ಮತ್ತು ತಂತ್ರಾಂಶ ಎರಡೂ ಒಪ್ಪಿಕೊಂಡರೆ ದಾರಿಯಿದೆ. ಎ.ಪಿ.ಎಲ್. ಭಾಷೆಗೆ ಚೆಂಡೊಂದನ್ನು ಬದಲಾಯಿಸಿದರೆ ಸಾಕಾಗಿತ್ತು. ನಮಗೆ ಚೆಂಡಿನ ಜೊತೆ ಹಲ್ಲುಗಾಲಿಯೂ ಬದಲಾಗಬೇಕು. ನಿಮ್ಮಲ್ಲಿರುವ ಬೇರೆ ಬೇರೆ ಯಂತ್ರಗಳ ಟರ್ಮಿನಲ್ ಕಿಟಕಿಗಳಲ್ಲಿ 'ಸ್ತ್ರೀ' ಎಂದು ಟೈಪು ಮಾಡಿ, ಅದರ ಮುಂದೆ ಒಂದು ಲಂಬಗೆರೆ ಹಾಕಿ. ಮುಂದಿನ ಸಾಲಿನಲ್ಲಿ ನಾಲ್ಕು ಸೊನ್ನೆ ಮತ್ತು ಒಂದು ಲಂಬಗೆರೆ. ಎರಡು ಗೆರೆಗಳು ಒಂದರ ಕೆಳಗೊಂದು ಬಂದವೇ, ಒತ್ತಕ್ಷರ ಕೂಡಿತೇ, ಅಳಿಸಲು ಬ್ಯಾಕ್‌ಸ್ಪೇಸ್ ಎಷ್ಟು ಸಲ ಒತ್ತಬೇಕಾಯಿತು ಎಂಬುದನ್ನು ಯಂತ್ರದ ಮತ್ತು ಫಾಂಟಿನ ಹೆಸರಿನೊಂದಿಗೆ ಒಂದು ಕೋಷ್ಟಕದಲ್ಲಿ ಬರೆದುಕೊಳ್ಳಿ. ಎರಡು ಯಂತ್ರಗಳ ಉತ್ತರ ಒಂದೇ ಆಗಿರುತ್ತದೆ ಎಂದು ಮಾತ್ರ ಮೊದಲೇ ಊಹಿಸಬೇಡಿ.